ಏಳು ಒಳಬಾಗಿಲು: ಬಣ್ಣವೋ ಎಣ್ಣೆಯೋ

ನಂಬುವುದಿಲ್ಲ ಅನ್ನುವವರು ಈಗಲೇ ಎದ್ದು ಹೋಗಬಹುದು. ನಾನು ಹೇಳುವುದೆಲ್ಲ ಕೊಪ್ಪಳದ ಒಂದು ದೊಡ್ಡ ಮನೆಯಲ್ಲಿ, ನಾಲ್ಕು ಮಂದಿಯ ಕಣ್ಣೆದುರಿಗೆ ನಡೆದದ್ದು. ಬೇಕಿದ್ದರೆ ಹೋಗಿ ಕೇಳಿರಿ. ನಾನು ಕಳಿಸಿದೆ ಅಂತ ಮಾತ್ರ ಹೇಳಬೇಡಿ. ಬಡಿಗನ ಕೆಲಸದಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಒಳಗಿನ ಬಾಗಿಲಿಗೆ ಕೈ ಹಾಕಿದಿರೋ, ಮನೆಮಂದಿಯೆಲ್ಲ ಮಾಡುವ ಕೆಲಸ ಬಿಟ್ಟು ಬಂದು ನಿಲ್ಲುತ್ತಾರೆ.

ನಾನು ಯಲಬುರ್ಗಿ ಕಡೆಯ ಹಳ್ಳಿಯವನು. ಮೀಸೆ ಮೂಡುವ ಮೊದಲೇ ಕುಂಟೆ, ಕೂರಿಗೆ ಮಾಡಿದ ಕೈ ಇದು. ಕೊಪ್ಪಳದಲ್ಲಿ ಬಡಿಗನಾಗಿದ್ದ ಸೋದರಮಾವನ ಹತ್ತಿರ ಎರಡು ವರ್ಷ ದುಡಿದೆ. ಅವನು ಸೊಂಟ ಹಿಡಿದು ಮಲಗಿದಾಗ, ದಲಾಲಿ ಅಂಗಡಿಯ ಸಾಹುಕಾರರ ಮನೆಯ ಏಳು ಹಳೆಯ ಒಳಬಾಗಿಲುಗಳನ್ನು ಹೊಸದರಂತೆ ಮಾಡುವ ಕೆಲಸ ನನ್ನ ಪಾಲಿಗೆ ಬಂತು.

ಮಾವ ಮಲಗಿದಲ್ಲಿಂದಲೇ ಹೇಳಿದ: "ಇದನ್ನ ಒಬ್ಬನ ಮುಗಿಸಿದ್ಯಂದ್ರ ಕೊಪ್ಪಳದಾಗ ನಿನ್ನ ಕೆಲಸ ನೀನ ಹಿಡಿ. ಕೆಡಿಸಿದ್ಯೋ, ಹೊಳ್ಳಿ ಹಳ್ಳಿಗೆ ಹೋಗಿ ಕುಂಟಿ ಕೆತ್ತಕೋಂತ ಕುಂದ್ರು."

"ಕೆಡಿಸೂ ಕೈ ಅಲ್ಲ ಮಾವ ಇದು," ಅಂದೆ.

ಮಾವ ಗೋಡೆಯ ಕಡೆ ಹೊರಳಿ ಮಲಗಿದ.

೧. ಮೂಗಿನ ಪರೀಕ್ಷೆ

ಸಾಹುಕಾರರಿಗೆ ಐವತ್ತು ದಾಟಿತ್ತು, ದೊಡ್ಡ ಮೀಸೆ. "ಕಚೇರಿ ಬಾಗಲಾ ನೋಡಿಯಿಲ್ಲೋ? ಹಂಗ ಹಸರ ಬಣ್ಣ ಹಚ್ಚು," ಅಂದರು.

"ಸಾಹುಕಾರ್ರ, ಛಲೋ ಕಟಗಿಗೆ ಬಣ್ಣ ಬಳಿಯೂದಂದ್ರ ಜರತಾರಿ ಪಟಕಾದ ಮ್ಯಾಲ ಗೋಣಿಚೀಲ ಹೊದ್ದಂಗ. ಕೆರದು, ಉಜ್ಜಿ, ಅಗಸಿ ಎಣ್ಣಿ ಕುಡಿಸೂಣು. ಕನ್ನಡಿ ಆಗ್ತಾವು."

"ಛಲೋ ಕಟಗಿ ಅಂತ ನಿನಗೇನ ಗೊತ್ತು?"

ನಾನು ಬಾಗಿಲಿಗೆ ಬೆರಳಿನಿಂದ ಎರಡು ಸಲ ತಟ್ಟಿದೆ, ಕಣ್ಣು ಮುಚ್ಚಿ ಮೂಸಿದೆ. "ಸಾಗವಾನಿ. ದಾಂಡೇಲಿ ಕಡೀದು. ನೂರು ವರ್ಷದ ಮರ."

ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ಸಾಹುಕಾರರ ತಾಯಿ ಮೊರದಿಂದ ತಲೆ ಎತ್ತಲಿಲ್ಲ. "ಬೇವಿಂದದು. ನಮ್ಮ ಹಿತ್ತಲದಾಗಿಂದು. ಅದರ ನೆಳ್ಳಾಗ ಕುಂತು ನಾ ರೊಟ್ಟಿ ತಿಂದೀನಿ."

"ಅವ್ವಾರ, ನನ್ನ ಮೂಗು ತಪ್ಪೂದಿಲ್ಲರೀ."

"ಮೂಗು ಬಿಡು ತಮ್ಮಾ, ನಾಲಿಗಿ ಹಚ್ಚು."

ಹಿಂದೆ ಸರಿಯುವ ಕುಲ ನಮ್ಮದಲ್ಲ. ಹಚ್ಚಿದೆ. ಬೇವು ಅಂತ ಆಗಲೂ ಒಪ್ಪಲಿಲ್ಲ. ಆದರೆ ಎರಡು ತಂಬಿಗೆ ನೀರು ಕುಡಿದೆ.

೨. ಹೊಳೆ ದಾಟಿ ಬಂದ ಬಣ್ಣ

ಕಡೆಗೆ ಸಾಹುಕಾರರು ಒಂದು ದಾರಿ ಹೇಳಿದರು. ಪಡಸಾಲೆಯಿಂದ ನಡುಮನೆಗೆ ಹೋಗುವ ಬಾಗಿಲಿಗೆ ಎರಡು ಕದ. ಒಂದು ಕದಕ್ಕೆ ಹಸಿರು ಬಣ್ಣ, ಇನ್ನೊಂದಕ್ಕೆ ಎಣ್ಣೆ. ಎಂಟು ದಿನ ನೋಡಿ ತೀರ್ಮಾನ.

ಬಣ್ಣದ ಡಬ್ಬಿ ತರಲು ಹೊಸಪೇಟೆಗೆ ಹೋದೆ. ಹೊಳೆಯ ಆಚೆ ಇಂಗ್ರೇಜಿ ಸೀಮೆ, ಈಚೆ ನಮ್ಮ ನವಾಬರ ಸೀಮೆ, ಮೊಗಲಾಯಿ. ನಡುವೆ ಸುಂಕದ ಚೌಕಿ. ಅಲ್ಲಿಯ ಜವಾನ, "ಏನೈತದು?" ಅಂದ. "ಬಣ್ಣ" ಅಂದು ಸುಮ್ಮನಾಗಿದ್ದರೆ ಮುಗಿಯುತ್ತಿತ್ತು. ನಾನು, "ಅಂತಿಂಥಾ ಬಣ್ಣಲ್ಲ, ಒಂದು ಎಲಿ ಅಡಿಕಿ ಜಗಿಯೂದರಾಗ ಒಣಗ್ತೈತಿ," ಅಂದೆ.

"ಸುಳ್ಳು."

"ಸುಳ್ಳಾ? ಎಲ್ಲಿ ಹಚ್ಚಲಿ ಹೇಳು!"

ಅವನು ಚೌಕಿಯ ಬಾಗಿಲು ತೋರಿಸಿದ. ಹಚ್ಚಿದೆ. ಅವನು ಎಲೆ ಜಗಿದ. ಬೆರಳು ಮುಟ್ಟಿಸಿದ, ಹಸಿರಾಯಿತು. "ತೆಳ್ಳಗ ಆಗೈತಿ, ಅದಕ್ಕ," ಅಂತ ನಾನು ಇನ್ನೊಂದು ಕೈ ಹಚ್ಚಿದೆ. ಅವನು ಇನ್ನೊಂದು ಎಲೆ ಮಡಿಸಿದ. ಹೊತ್ತು ಇಳಿಯುವುದರೊಳಗೆ ಅವನ ಚಂಚಿಯಲ್ಲಿ ಎಲೆ ಮುಗಿದಿತ್ತು, ನನ್ನ ಡಬ್ಬಿಯಲ್ಲಿ ಅರ್ಧ ಬಣ್ಣ ಮುಗಿದಿತ್ತು. ಚೌಕಿಯ ಬಾಗಿಲು ಮಾತ್ರ ಭಾಳ ಚಂದ ಕಾಣುತ್ತಿತ್ತು.

೩. ಒಂದು ಕದ ಹಸಿರು, ಒಂದು ಕದ ಕೆಂಪು

ಉಳಿದ ಅರ್ಧ ಡಬ್ಬಿಯಲ್ಲಿ ಒಂದು ಕದ ಹಸಿರು ಮಾಡಿದೆ. ಇನ್ನೊಂದನ್ನು ಕೆರೆದು, ಉಜ್ಜಿ, ಎಣ್ಣೆ ಕುಡಿಸಿದೆ. ಕೆಂಪಗೆ, ಹೊಳೆಯುತ್ತಾ ಎದ್ದಿತು. ಇಂಥ ಕೈ ಮೂರು ತಾಲೂಕಿನಲ್ಲಿ ಇಲ್ಲ ಅಂತ ನಾನೇ ಹೇಳಬೇಕಾಯಿತು, ಬೇರೆ ಯಾರೂ ಹೇಳಲಿಲ್ಲ.

ಮರುದಿನ ಗಂಗಾವತಿಯ ಅಕ್ಕಿ ವ್ಯಾಪಾರಿಯೊಬ್ಬ ಪಡಸಾಲೆಯಲ್ಲಿ ಕೂತು ಮಜ್ಜಿಗೆ ಕುಡಿದು ಹೋದ. ಒಂದೇ ಬಾಗಿಲಿಗೆ ಎರಡು ಬಣ್ಣ ನೋಡಿದವನಿಗೆ ಇನ್ನೇನು ಹೊಳೆಯಬೇಕು? ಮನೆ ಪಾಲಾಗಿದೆ, ಅಣ್ಣನಿಗೊಂದು ತಮ್ಮನಿಗೊಂದು ಕದ ಹಂಚಿಕೊಂಡಿದ್ದಾರೆ ಅಂತ ದಾರಿಯುದ್ದಕ್ಕೂ ಹೇಳಿಕೊಂಡು ಹೋದ. ನಾಲ್ಕನೇ ದಿನಕ್ಕೆ ಕುಷ್ಟಗಿಯಿಂದ ಚಕ್ಕಡಿ ಕಟ್ಟಿಸಿಕೊಂಡು ಒಬ್ಬ ಹಿರಿಯರು ಬಂದಿಳಿದರು. ದೂರದ ಬೀಗರು, ನ್ಯಾಯ ಹೇಳುವವರು. ಕೈಕಾಲು ತೊಳೆಯದೆಯೇ ಶುರು ಮಾಡಿದರು.

"ಆಗಿದ್ದಾತು. ಒಡದ ಮನಿ ಕೂಡಸಾಕ ಬಂದೀನಿ. ಎಲ್ಲಿ ನಿಮ್ಮ ತಮ್ಮ? ಕರೀರಿ."

"ನನಗ ತಮ್ಮ ಇಲ್ಲಲ್ರೀ," ಅಂದರು ಸಾಹುಕಾರರು.

"ಅಣ್ಣನ್ನರ ಕರೀರಿ."

"ಅಣ್ಣನೂ ಇಲ್ಲರೀ. ಮನ್ಯಾಗ ನಾನೊಬ್ಬನ."

ಹಿರಿಯರು ಎರಡೂ ಕದವನ್ನು ಬಹಳ ಹೊತ್ತು ನೋಡಿದರು. ಆಮೇಲೆ ನಿಟ್ಟುಸಿರು ಬಿಟ್ಟು, "ಸಿಟ್ಟಿನಾಗ ಹಂಗಂತಾರ. ಹೋಗ್ಲಿ, ಮದಲ ಊಟಾ ಮಾಡೂಣು," ಅಂದರು.

೪. ಬಾಣಂತಿ ಕೋಣೆ

ಹಿರಿಯರು ಹೋದ ಮೇಲೆ ಸಾಹುಕಾರರು ನನ್ನ ಮೇಲೆ ಹರಿಹಾಯ್ದರು. "ನಾಳಿಗೆ ಎಲ್ಲಾ ಬಾಗಲಾ ಹಸರ ಆಗಬೇಕು. ಇಲ್ಲಂದ್ರ ನಿಮ್ಮ ಮಾವಗ ಹೇಳಿ ನಿನ್ನ ಊರಿಗೆ ಕಳಸ್ತೀನಿ."

ಊರಿಗೆ ಹೋಗಿ ಏನೆಂದು ಮುಖ ತೋರಿಸಲಿ? ಕೊಪ್ಪಳ ಗೆದ್ದು ಬರುತ್ತೇನೆ ಅಂತ ಊರಬಾಗಿಲ ಅಗಸಿಕಟ್ಟೆಯ ಮೇಲೆ ನಿಂತು ಹೇಳಿ ಬಂದವನು ನಾನು. ಇನ್ನೊಂದು ಬಾಗಿಲನ್ನಾದರೂ ಕನ್ನಡಿ ಮಾಡಿ ತೋರಿಸಿದರೆ ಮನಸ್ಸು ತಿರುಗೀತು ಅಂತ, ಬೆಳಗ್ಗೆ ಯಾರನ್ನೂ ಕೇಳದೆ ಹಿಂದಿನ ಬಾಣಂತಿ ಕೋಣೆಯ ಬಾಗಿಲಿಗೆ ಕೂತೆ. ಒಳಮೈಗೆ ಎಣ್ಣೆಮಸಿ ಹತ್ತಿತ್ತು. ಸಾಲಿಗೆ ಐದರಂತೆ, ಒಂದರ ಕೆಳಗೊಂದು ಏಳು ಸಾಲು ಕರಿ ಕಲೆ. ಕೆಳಗಿನ ಸಾಲನ್ನು ಕಬ್ಬಿಣದ ಪಟ್ಟಿಯಿಂದ ಚೊಕ್ಕ ಕೆರೆದೆ.

ಅಷ್ಟರಲ್ಲಿ ಹಿಂದೆ ಸಾಹುಕಾರರ ಮುದುಕಿ ತಾಯಿ ಬಂದು ನಿಂತಿದ್ದಳು.

"ಕೊಳಿ ತಗ್ಯಾಕತ್ತೀನ್ರಿ ಅವ್ವಾರ," ಅಂದೆ.

ಅವಳು ಕೆಳಗೆ ಕೂತು, ಕೆರೆದ ಜಾಗದ ಮೇಲೆ ಕೈ ಆಡಿಸಿದಳು. "ಕೊಳಿ ಅಲ್ಲ ತಮ್ಮಾ. ಈ ಮನ್ಯಾಗ ಕೂಸು ಹುಟ್ಟಿದ ಐದನೇ ದಿನಕ್ಕ ಕಾಡಿಗಿ ಬೊಟ್ಟು ಇಡ್ತೀವಿ. ಒಂದು ಸಾಲು ಒಂದು ಕೂಸು. ಮ್ಯಾಲಿನವು ನನ್ನ ಮದಲಿನ ಆರು, ಆರೂ ಹೋದವು. ಅದರಾಗ ಒಂದು ವರ್ಷ ತುಂಬಿಸಿದ್ದು ಎರಡ."

ಪಟ್ಟಿ ಕೆಳಗಿಟ್ಟೆ. "ಕೆಳಗಿಂದು ಯಾರದ್ರಿ?"

ಕೆರೆಯುವ ಸದ್ದು ಕೇಳಿ ಸಾಹುಕಾರರು ಬಂದು ಬಾಗಿಲಲ್ಲಿ ನಿಂತಿದ್ದರು. ಮುದುಕಿ ಅವರ ಕಡೆ ಕೈ ಮಾಡಿದಳು. "ಇಂವಂದು. ಉಳದವನೊಬ್ಬನ್ನ ಹಿಡದು ಅಳಿಸಿದಿ."

"ತಪ್ಪಾತ್ರೀ ಅವ್ವಾರ," ಅಂದೆ. ಹುಟ್ಟಿದ ಮೇಲೆ ಅದೇ ಮೊದಲು. ಸಾಹುಕಾರರು ಬಗ್ಗಿ ಕೆರೆದ ಜಾಗ ನೋಡಿದರು. "ಎವ್ವಾ, ಈಗೇನ ಮಾಡೂದು? ಇದು ಕೇಡಲ್ಲೇನು? ಇವನ್ನ ಒದ್ದು ಹೊರಗ ಹಾಕ್ತೀನಿ! ಬಣ್ಣಾ ಹಚ್ಚಸಿ ಬಿಡೂಣು, ಎಲ್ಲಾ ಮುಚ್ಚಿ ಹೋಗ್ಲಿ!"

"ನೀ ಸುಮ್ಮನಿರು," ಅಂದಳು ಮುದುಕಿ. "ನೀ ಇನ್ನೂ ಹುಟ್ಟಿಲ್ಲ. ಹುಟ್ಟಲಾರದವಗ ಬಣ್ಣದ ಮಾತ್ಯಾಕ?"

ತೀರ್ಪು ಅಲ್ಲೇ ಆಯಿತು. ಇವತ್ತೇ ಮಗ ಹುಟ್ಟಿದ ಅಂತ ಲೆಕ್ಕ. ಐದನೇ ದಿನಕ್ಕೆ ಬೊಟ್ಟು. ಅಲ್ಲಿಯ ತನಕ ಕೂಸು ಹೊಸ್ತಿಲು ದಾಟಬಾರದು. ಮರುದಿನ ಅಂಗಡಿಗೆ ಬಂದ ರೈತರಿಗೆಲ್ಲ ಗುಮಾಸ್ತ, "ಸಾಹುಕಾರ್ರು ನಿನ್ನೆ ಹುಟ್ಯಾರ, ಬರೂ ವಾರ ಬರ್ರಿ," ಅಂತ ಹೇಳಿ ಕಳಿಸಿದ.

ಐದನೇ ದಿನ ಸಾಹುಕಾರರನ್ನು ಮಣೆಯ ಮೇಲೆ ಕೂಡಿಸಿ, ತಲೆಗೆ ಎಣ್ಣೆ ಹಾಕಿ ಎರೆದು, ದೃಷ್ಟಿಯಾಗದಿರಲೆಂದು ಗಲ್ಲಕ್ಕೆ ಕಾಡಿಗೆ ಇಟ್ಟರು. ಮುದುಕಿ ಬಾಗಿಲಿನ ಮುಂದೆ ಕೂತು ಐದು ಬೊಟ್ಟು ಇಟ್ಟಳು. ಆಮೇಲೆ ಮೇಲಿನ ಆರೂ ಸಾಲಿನ ಮೇಲೆ ಒಂದೊಂದಾಗಿ ಕೈ ಇಟ್ಟಳು. ತುಟಿಗಳು ಅಲುಗುತ್ತಿದ್ದವು, ಹೆಸರು ನಮಗೆ ಕೇಳಲಿಲ್ಲ.

ಆಗ ಓಣಿಯ ಮುದುಕಿಯೊಬ್ಬಳು ಕೋಲೂರಿಕೊಂಡು ಬಂದಳು. ಕಣ್ಣು ಅಷ್ಟಕ್ಕಷ್ಟೆ. ಈ ಮನೆಯಲ್ಲಿ ಕೂಸು ಹುಟ್ಟಿದೆ ಅಂತ ಕೇಳಿ ಕೂಸಿನ ತಲೆಗೆ ಖಣದ ಕುಂಚಿಗೆ ಹೊಲಿದು ತಂದಿದ್ದಳು. ತಡವುತ್ತಾ ಹೋಗಿ ಸಾಹುಕಾರರ ತಲೆಯ ಮೇಲೆ ಇಟ್ಟು, ಗದ್ದದ ಕೆಳಗೆ ಕಟ್ಟಲು ದಾರ ಎಳೆದಳು. ಸಾಲಲಿಲ್ಲ. ಕೈಗೆ ಮೀಸೆ ಸಿಕ್ಕಿತು. ಮೆಲ್ಲಗೆ ಎಳೆದು ನೋಡಿದಳು.

"ಎವ್ವಾ," ಅಂದಳು, "ಥೇಟ್ ಅಪ್ಪನಂಗ ಆಗೈತಿ."

ಮೊದಲು ನಕ್ಕವಳು ಮನೆಯ ಮುದುಕಿಯೇ. ನಗುತ್ತಾ ಕಣ್ಣು ಒರೆಸಿಕೊಂಡು ನನ್ನನ್ನು ಕರೆದು, ಬಾಣಂತಿ ಕೋಣೆಯ ಬಾಗಿಲು ಮುಟ್ಟಬೇಡ, ಉಳಿದವಕ್ಕೆಲ್ಲ ಎಣ್ಣೆ ಕುಡಿಸು ಅಂದಳು. ಕೂಸು ಕುಂಚಿಗೆ ಸಮೇತ ತಲೆ ಆಡಿಸಿತು.

ನನಗೆ ಕೊಟ್ಟದ್ದು ಇಷ್ಟು: ಏಳರಲ್ಲಿ ಆರು ಬಾಗಿಲಿನ ಕೆಲಸ, ಕೂಸು ಹುಟ್ಟಿದ್ದಕ್ಕೆ ಹಂಚಿದ ಬೇಯಿಸಿದ ಕಾಳು, ಒಂದು ಬೊಗಸೆ ಗುಗ್ಗರಿ.