ಅನುವಾದಕರ ಗುಡುಗುವ ಕೀಬೋರ್ಡು

"ಇವತ್ತಿಂದ ದಿನಕ್ಕೆ ನಲವತ್ತು ಪುಟ! ಒಂದು ಕಡಿಮೆಯಾದ್ರೂ ಹೆಸರು ಬದಲಾಯಿಸ್ಕೋತೀನಿ!" ಎಂದು ಘೋಷಿಸಿ, ಅನುವಾದಕರು ಹೊಸ ಮೆಕ್ಯಾನಿಕಲ್ ಕೀಬೋರ್ಡನ್ನು ಮೇಜಿನ ಮೇಲೆ ಪ್ರತಿಷ್ಠಾಪಿಸಿದರು.

ಪಂಪು, ಇಸ್ತ್ರಿಪೆಟ್ಟಿಗೆಗಳ ಕೈಪಿಡಿಗಳನ್ನು ಅನುವಾದಿಸುವುದು ಅವರ ಕಸುಬು. ಇಷ್ಟು ವರ್ಷ ಲ್ಯಾಪ್‌ಟಾಪಿನ ಚಪ್ಪಟೆ ಕೀಗಳ ಮೇಲೆ ಬೆರಳಾಡಿಸಿದವರು. ಅವು ಒತ್ತಿದರೂ ಸದ್ದಿಲ್ಲ, ಒತ್ತದಿದ್ದರೂ ಸದ್ದಿಲ್ಲ. ಹೊಸದರಲ್ಲೋ ಒಂದೊಂದು ಕೀಯೂ ಇಟ್ಟಿಗೆಯಷ್ಟು ಎತ್ತರ. ಒತ್ತಿದರೆ ತಗಡಿನ ಮಾಡಿನ ಮೇಲೆ ಕುದುರೆ ಓಡಿದ ಹಾಗೆ!

ಮೊದಲ ಸಾಲಿಗೇ ಪಕ್ಕದ ಕೋಣೆಯಲ್ಲಿ ಹೆಂಡತಿಯ ಹೊಲಿಗೆ ಮಷೀನು ನಿಂತಿತು.

"ಏನ್ರೀ, ಗೋಡೆ ಒಡೀತಿದ್ದೀರಾ?"

"ಕೆಲಸ ಕಣೇ, ಕೆಲಸ!"

"ಮಾಡಿ, ಮಾಡಿ. ಮುಗಿದ ತಕ್ಷಣ ಅಟ್ಟ ಖಾಲಿ ಮಾಡೋದಿದೆ."

ಆ ಅಟ್ಟವೇ ಅವರ ಪಾಲಿನ ಯಮಲೋಕ. ಕೆಲಸದಲ್ಲಿರುವ ಗಂಡನನ್ನು ಎಬ್ಬಿಸಬಾರದು ಎಂಬುದು ಹೆಂಡತಿಯೇ ಹಾಕಿಕೊಂಡ ನಿಯಮ. ಅದರ ನೆರಳಿನಲ್ಲಿ ಹನ್ನೊಂದು ತಿಂಗಳಿಂದ ಅಟ್ಟದ ಕೆಲಸ ತಪ್ಪಿಸಿಕೊಂಡಿದ್ದರು. ಹುಬ್ಬು ಗಂಟಿಕ್ಕಿಕೊಂಡು ಪರದೆ ನೋಡುತ್ತಾ ಕೂತರೆ ಮುಗಿಯಿತು. ಪರದೆಯಲ್ಲಿ ನಡೆಯುತ್ತಿದ್ದುದು ಚದುರಂಗ.

ಈಗ? ಅರ್ಧ ಪುಟ ಮುಗಿಸಿ ಆನೆ ನಡೆಸಬೇಕು ಅನ್ನುವಷ್ಟರಲ್ಲಿ ದನಿ ಬಂತು.

"ಸದ್ದು ನಿಂತ್ಹೋಯ್ತಲ್ಲ, ಮುಗೀತಾ?"

"ಇಲ್ಲಪ್ಪಾ, ಯೋಚನೆ ಮಾಡ್ತಿದ್ದೆ!"

ಎರಡೇ ನಿಮಿಷ.

"ಇನ್ನೂ ಯೋಚನೇನಾ? ಪಂಪಿನ ವಿಷಯದಲ್ಲಿ ಅಷ್ಟೊಂದು ಯೋಚಿಸೋಕೆ ಏನಿದೆ?"

ಅನುವಾದಕರು ಬುದ್ಧಿ ಓಡಿಸಿದರು. ಬಲಗೈ ಮೌಸಿನ ಮೇಲೆ ಚದುರಂಗ ಆಡಿತು. ಎಡಗೈ ಖಾಲಿ ಪುಟವೊಂದರಲ್ಲಿ ಸಿಕ್ಕಸಿಕ್ಕ ಕೀಗಳನ್ನು ಬಡಿಯತೊಡಗಿತು. ಎಂಥ ವೇಗ! ಎಂಥ ಆರ್ಭಟ! ಆ ಸದ್ದು ಕೇಳಿದವರು ಇಡೀ ವಿಶ್ವಕೋಶವೇ ಅನುವಾದವಾಗುತ್ತಿದೆ ಎನ್ನಬೇಕು. ಅರ್ಧ ಗಂಟೆ ಪಕ್ಕದ ಕೋಣೆಯಿಂದ ಚಕಾರವಿಲ್ಲ. ಎದುರಾಳಿಯ ರಾಜ ಮೂಲೆ ಸೇರಿದ್ದ. ಇನ್ನೊಂದೇ ನಡೆ...

ಬಾಗಿಲಲ್ಲಿ ಹೆಂಡತಿ ನಿಂತಿದ್ದಳು, ಹೆಗಲ ಮೇಲೆ ಏಣಿ.

"ಅಯ್ಯೋ, ಕೆಲಸ ನಡೀತಿದೆ ಕಣೇ! ಸದ್ದು ಕೇಳಿಸ್ಲಿಲ್ವಾ?"

"ಕೇಳಿಸ್ತು. ಅದಕ್ಕೇ ಬಂದೆ. ಅಲ್ಲಾರೀ, ಮೊದಮೊದಲು ಮಧ್ಯೆಮಧ್ಯೆ ದಪ್ ದಪ್ ಅಂತಿತ್ತಲ್ಲ, ಅದ್ಯಾವ ಕೀ?"

"ಅದಾ? ತಪ್ಪು ಅಳಿಸೋದು."

"ಹಾಗೇ ಅಂದ್ಕೊಂಡೆ. ಆಗ ನಾಲ್ಕು ಅಕ್ಷರಕ್ಕೊಂದು ಸಲ ದಪ್ ಅಂತಿತ್ತು. ಈಗ ಅರ್ಧ ಗಂಟೆಯಿಂದ ಒಂದ್ಸಲಾನೂ ಅನ್ಲಿಲ್ಲ. ನೀವು ತಪ್ಪಿಲ್ದೆ ಒಂದು ಸಾಲು ಬರೆದದ್ದನ್ನ ಈ ಮನೆ ಇನ್ನೂ ಕಂಡಿಲ್ಲ. ಏಳಿ, ಏಣಿ ಹಿಡ್ಕೊಳ್ಳಿ."