ಲಾರಿ ಹತ್ತಿದ ಸಾಮಾನು

ಅಮ್ಮ: ಸೋಫಾ ಅಲ್ಲಿಟ್ರೆ ಬಾಗಿಲು ತೆಗೆಯೋದು ಹೇಗ್ರೀ?

ಅಪ್ಪ: ಬಾಗಿಲು ಹೊರಗಡೆಗೆ ತೆರೆಯುತ್ತೆ. ಕೀಲು ನೋಡು.

ಅಮ್ಮ: ಆಟದ ಮನೆ ಇದು. ಇದಕ್ಕೆ ಕೀಲೇ ಇಲ್ಲ.

ಅಪ್ಪ: ಅದೇ ಹೇಳಿದ್ದು, ಕೆಲಸ ನೆಟ್ಟಗೆ ಮಾಡಿಲ್ಲ ಅಂತ.

ಮಕ್ಕಳ ಮನಸ್ಸಿನ ನೋವಿಗೆ ಚಿಕಿತ್ಸೆ ಕೊಡುವ ಕೋಣೆ ಅದು. ಕುರ್ಚಿಗಳೆಲ್ಲ ಮಕ್ಕಳ ಅಳತೆಯವು. ಅದರಲ್ಲೊಂದರ ಮೇಲೆ, ಮಂಡಿ ಗದ್ದಕ್ಕೆ ತಾಗುವ ಹಾಗೆ, ಅಪ್ಪ ಕೂತಿದ್ದ. ಮನೆ ಬದಲಾಯಿಸುವವರ ಸಾಮಾನು ಕಟ್ಟಿ ಲಾರಿಯಲ್ಲಿ ಸಾಗಿಸುವುದು ಅವನ ಕಸುಬು. ಅಂಥವನ ಮುಂದೆ ಸಲಹೆಗಾರ್ತಿ ಚಾವಣಿಯಿಲ್ಲದ ಮರದ ಆಟದ ಮನೆಯನ್ನಿಟ್ಟು 'ನಿಮ್ಮ ಮನೆ ಜೋಡಿಸಿ' ಎಂದರೆ ಅವನು ಬಿಟ್ಟಾನೆಯೇ? ಬಂದ ಕಾರಣವನ್ನೇ ಮರೆತಿದ್ದ. ಕಾರಣ ಮಾತ್ರ ಪಕ್ಕದಲ್ಲೇ ನೆಲದ ಮೇಲೆ ಕೂತಿತ್ತು. ಏಳು ವರ್ಷದ ಪುಟ್ಟಿ. ಅವಳ ಅಣ್ಣ ಜ್ವರದಲ್ಲಿ ತೀರಿಕೊಂಡ ಮೇಲೆ ಅವಳು ಯಾರೊಂದಿಗೂ ತುಟಿ ಬಿಚ್ಚಿರಲಿಲ್ಲ.

ಸಲಹೆಗಾರ್ತಿ: ಮನೇಲೂ ಹೀಗೇ ಜಗಳ ಆಡ್ತೀರಾ?

ಅಪ್ಪ: ಛೆ ಛೆ! ಅದಾದ ಮೇಲೆ ಒಂದು ಏರುಮಾತಿಲ್ಲ ಮೇಡಂ. ಮಗು ಎದುರಿಗೆ ಅಳೋ ಹಾಗಿಲ್ಲ, ಅವನ ವಿಷಯ ಎತ್ತೋ ಹಾಗಿಲ್ಲ. ಇಬ್ರೂ ಕೂತು ಮಾತಾಡ್ಕೊಂಡು ಮಾಡಿದ ನಿಯಮ.

ಸಲಹೆಗಾರ್ತಿ: ಮತ್ತೇನು ಮಾತಾಡ್ತೀರಿ?

ಅಪ್ಪ: ನೀರು ಬೇಕಾ ಅಂತೀನಿ. ಬೇಡ, ಥ್ಯಾಂಕ್ಸ್ ಅಂತಾಳೆ.

ಅಮ್ಮ: ಒಂದೊಂದು ಸಲ ಬೇಕು ಅಂತೀನಿ.

ಅಪ್ಪ: ಹೌದು. ಅದನ್ನ ಮರೆತಿದ್ದೆ.

ಮದುವೆಯಾದಾಗಿನಿಂದ ಹೆಂಡತಿಯ ಬಾಯಲ್ಲಿ ಥ್ಯಾಂಕ್ಸ್ ಕೇಳದ ಮನುಷ್ಯ ಅವನು. ಈಗ ದಿನಾ ಕೇಳುತ್ತಿದ್ದ. ಕೇಳಿದಾಗೆಲ್ಲ ಹೆದರುತ್ತಿದ್ದ.

ಸಲಹೆಗಾರ್ತಿ: ಸರಿ, ಈಗ ಗೊಂಬೆಗಳನ್ನ ಅವರವರ ಜಾಗದಲ್ಲಿ ಇಡಿ.

ಅಪ್ಪ ಅಮ್ಮನ ಗೊಂಬೆಯನ್ನು ಅಡುಗೆಮನೆಯಲ್ಲಿಟ್ಟ. ಇಡೀ ದಿನ ಒಲೆ ಮುಂದೆಯೇ ನಿಂತಿರಲು ತನಗೇನು ಬೇರೆ ಕೆಲಸವಿಲ್ಲವೇ ಎಂದು ಅಮ್ಮ ಅದನ್ನು ಸೋಫಾದ ಮೇಲೆ ಕೂರಿಸಿದಳು. ಅಪ್ಪನ ಗೊಂಬೆ ಬಾಗಿಲಲ್ಲಿ ನಿಂತಿತು. ಪುಟ್ಟಿಯದು ಮಂಚದ ಮೇಲೆ. ಅಪ್ಪನ ಕೈಯಲ್ಲಿ ಇನ್ನೊಂದು ಉಳಿಯಿತು, ಹುಡುಗನದು.

ಅಪ್ಪ: ಇದು ಹೆಚ್ಚಾಯ್ತು ಮೇಡಂ. ಬೇರೆ ಸೆಟ್ಟಿಂದ ಬಂದು ಸೇರಿರಬೇಕು.

ಅಮ್ಮ ಕಿಟಕಿಯ ಕಡೆ ತಿರುಗಿದಳು. ಸಲಹೆಗಾರ್ತಿ ಆ ಗೊಂಬೆಯನ್ನು ವಾಪಸು ತೆಗೆದುಕೊಳ್ಳಲಿಲ್ಲ. ಪುಟ್ಟಿ ತೆಗೆದುಕೊಂಡಳು. ಮೂಲೆಯಲ್ಲಿದ್ದ ಆಟದ ಲಾರಿಯನ್ನು ಎಳೆದು ತಂದು, ಮಂಚ, ಮೇಜು, ಕಪಾಟು ಎಲ್ಲವನ್ನೂ ಅದಕ್ಕೆ ತುಂಬತೊಡಗಿದಳು.

ಅಪ್ಪ: ಮೇಜು ಆಮೇಲೆ ಪುಟ್ಟಿ. ಭಾರದ್ದು ಮೊದಲು, ಕಪಾಟು ಹಾಕು.

ಅಮ್ಮ: ಸುಮ್ನಿರ್ರೀ! ಮಗು ಆಡ್ತಿದೆ.

ಅಪ್ಪ: ಆಡ್ಲಿ. ತಿರುವಿನಲ್ಲಿ ಉರುಳುತ್ತೆ ಅಷ್ಟೇ.

ಪುಟ್ಟಿ ಕಪಾಟನ್ನು ಮೊದಲು ಹಾಕಿದಳು. ಆಮೇಲೆ ಸಾಮಾನಿನ ಮೇಲೆ ಹುಡುಗನ ಗೊಂಬೆಯನ್ನು ಕೂರಿಸಿದಳು.

ಅಪ್ಪ: ಹಾಗೆಲ್ಲ ಹಿಂದೆ ಜನರನ್ನ ಕೂರಿಸಬಾರದು. ನಿಯಮ ಇದೆ.

ಪುಟ್ಟಿ: ಮತ್ತೆ ಅಣ್ಣ ಹೇಗೆ ಹೋದ?

ತಿಂಗಳುಗಟ್ಟಲೆ ಕೇಳದ ಸ್ವರ. ಮಾತಿನ ಅಭ್ಯಾಸ ತಪ್ಪಿದ್ದರಿಂದ ಸ್ವಲ್ಪ ಒರಟಾಗಿತ್ತು. ಅಪ್ಪನಿಗೆ ಖುಷಿಯಾಯಿತು, ಜೊತೆಗೇ ಹೆದರಿಕೆಯೂ ಆಯಿತು.

ಪುಟ್ಟಿ: ದೂರದ ಊರಿಗೆ ಹೋದ ಅಂದ್ರಿ. ಅವನ ಸಾಮಾನೆಲ್ಲ ನೀನೇ ಕಟ್ಟಿ ಲಾರಿಗೆ ಹಾಕಿದೆ. ಯಾವ ಮನೇಲಿ ಇಳಿಸ್ದೆ ಅಪ್ಪಾ?

ಅಪ್ಪ: ಎಲ್ಲೂ ಇಳಿಸಿಲ್ಲ. ನಮ್ಮ ಗೋಡೌನಲ್ಲೇ ಇದೆ.

ಅಮ್ಮ: ಗೋಡೌನಲ್ಲಾ? ಯಾರಿಗೋ ಕೊಟ್ಟುಬಿಟ್ಟೆ ಅಂದ್ರಲ್ಲ!

ಅಪ್ಪ: ಕೊಡೋಣ ಅಂತಲೇ ತಗೊಂಡು ಹೋದೆ. ಆಗ್ಲಿಲ್ಲ. 'ಒಡೆಯುವ ಸಾಮಾನು, ಜೋಪಾನ' ಅಂತ ಬರೆದು ಇಟ್ಟಿದೀನಿ.

ಅಮ್ಮ: ಅಂಗಿ, ಬೂಟು, ಸೈಕಲ್ಲು, ಹಳೇ ಸ್ಕೂಲ್ ಬ್ಯಾಗು. ಒಡೆಯೋದು ಏನಿತ್ತು ಅದ್ರಲ್ಲಿ?

ಅಪ್ಪ ಸಲಹೆಗಾರ್ತಿಯ ಮುಖ ನೋಡಿದ. ಪುಣ್ಯಾತ್ಗಿತ್ತಿ ಈಗಲಾದರೂ ಬಾಯಿ ಹಾಕಬಾರದೇ ಎಂದುಕೊಂಡ.

ಸಲಹೆಗಾರ್ತಿ: ಮಗು ಕೇಳಿದ್ದು ನಿಮ್ಮನ್ನ. ನಿಜ ಏನಿದೆಯೋ ಅದನ್ನೇ ಹೇಳಿ.

ಅಪ್ಪ ಪುಟಾಣಿ ಕುರ್ಚಿಯಿಂದ ಏಳಲು ಹೋದ. ಕುರ್ಚಿಯೂ ಅವನ ಜೊತೆ ಎದ್ದಿತು. ಅದನ್ನು ಬಿಡಿಸಿಕೊಂಡು ನೆಲದ ಮೇಲೆ ಮಗಳ ಎದುರಿಗೆ ಕೂತ.

ಅಪ್ಪ: ಅಣ್ಣ ಮನೆ ಬದಲಾಯಿಸಿಲ್ಲ ಪುಟ್ಟಿ. ಸತ್ತುಹೋದ.

ಪುಟ್ಟಿ: ಬರಲ್ವಾ?

ಅಪ್ಪ: ಇಲ್ಲ ಕಂದಾ. ಬರಲ್ಲ.

ಅಮ್ಮ ಬಿಕ್ಕಿದಳು. ಅಪ್ಪನೂ ಅತ್ತ. ಇಬ್ಬರೂ ಕೂತು ಮಾಡಿದ ನಿಯಮವನ್ನು ಇಬ್ಬರೂ ಕೂತೇ ಮುರಿದರು. ಸಲಹೆಗಾರ್ತಿ ಕಾಗದದ ಕರವಸ್ತ್ರದ ಪೆಟ್ಟಿಗೆಯನ್ನು ಮುಂದೆ ತಳ್ಳಿದಳು.

ಅಮ್ಮ: ಇಷ್ಟು ದಿನ ಯಾಕೆ ಮಾತಾಡ್ಲಿಲ್ಲ ಚಿನ್ನಾ?

ಪುಟ್ಟಿ: ಅಣ್ಣನ ವಿಷಯ ಮಾತಾಡ್ಬೇಡ ಅಂದ್ರಿ. ನನ್ನ ಹತ್ರ ಬೇರೆ ವಿಷಯ ಇರ್ಲಿಲ್ಲ.

ಅಪ್ಪ ಮೂಗು ಒರೆಸಿಕೊಂಡ.

ಅಪ್ಪ: ಸಾಮಾನೆಲ್ಲ ಇವತ್ತೇ ಮನೆಗೆ ತರ್ತೀನಿ.

ಅಮ್ಮ: ನೀವೊಬ್ರೇ ಬಿಚ್ಚೋ ಹಾಗಿಲ್ಲ.

ಪುಟ್ಟಿ: ಮೊದ್ಲು ಅವನ ಸೈಕಲ್ ಇಳಿಸಿ. ಒಂದು ದಿನಾನೂ ಮುಟ್ಟಕ್ಕೆ ಬಿಡ್ಲಿಲ್ಲ ನನಗೆ. ಜಿಪುಣ!

ಎಂದವಳೇ ಪುಟ್ಟಿ ಗೊಳೋ ಎಂದು ಅಳತೊಡಗಿದಳು. ಹಳೇ ನಿಯಮದ ರೂಢಿಗೆ ಅಪ್ಪನ ಕೈ ಅವಳ ಬಾಯಿ ಮುಚ್ಚಲು ಹೋಗಿ, ಹಾಗೇ ತಲೆ ಸವರಿತು. ಅವಳು ಮನಸಾರೆ ಅತ್ತಳು. ಭೇಟಿಗೆ ಕೊಟ್ಟ ಹೊತ್ತು ಮೀರಿದ್ದರೂ ಯಾರೂ ಅವಸರ ಮಾಡಲಿಲ್ಲ.

ಅಪ್ಪ: ಸೈಕಲ್ಲಿನ ಸೀಟು ತಗ್ಗಿಸಬೇಕು. ಇವಳ ಕಾಲು ಪೆಡಲಿಗೆ ಎಟುಕಲ್ಲ.

ಅಮ್ಮ: ಎಟುಕುತ್ತೆ ರೀ. ಅವಳು ಬೆಳೆದಿದಾಳೆ. ನಾವು ನೋಡಿಲ್ಲ ಅಷ್ಟೇ.