ಸೋಮವಾರದ ಹುಡುಗನಿಗೆ ಏಳು ಮಾರ್ಕ್ಸು

ಪರದೇಶದಲ್ಲಿ ಕೆಲಸ ಮಾಡುವವನು ಪೆದ್ದನಾಗೋದಕ್ಕೆ ವಿಶೇಷ ಪ್ರಯತ್ನವೇನೂ ಬೇಕಿಲ್ಲ. ಸೋಮವಾರ ಬೆಳಗ್ಗೆ ಆಫೀಸಿಗೆ ಹೋದರೆ ಸಾಕು. ನೈರೋಬಿಯಲ್ಲಿ ನನಗೆ ವಾರವಾರವೂ ಆದದ್ದು ಇದೇ. ಮೈಸೂರಿನಲ್ಲಿ ಆರು ತಿಂಗಳ ಮಗಳನ್ನೂ ಸ್ಕೂಲ್ ಟೀಚರ್ ಹೆಂಡತಿಯನ್ನೂ ಬಿಟ್ಟು, ಒಂದು ಬ್ಯಾಂಕಿನ ಸಾಫ್ಟ್‌ವೇರ್ ಕೆಲಸಕ್ಕೆ ಸೆಪ್ಟೆಂಬರಿನಲ್ಲಿ ಅಲ್ಲಿಗೆ ಹೋಗಿದ್ದೆ. ಮಗಳು ನಡೆಯೋದು ಕಲಿಯುವ ಮೊದಲು ಒಂದು ಸಲ ಊರಿಗೆ ಹೋಗಬೇಕು, ಅದೊಂದೇ ನನ್ನ ಆಸೆ. ರಜೆ ಕೊಡಬೇಕಾದವರು ಅಮೆರಿಕದ ಬಾಸು. ಬಾಸಿನ ಮೂಡು ಇದ್ದದ್ದು ಅಮೆರಿಕನ್ ಫುಟ್‌ಬಾಲ್ ಆಡುವ ಒಬ್ಬ ಹುಡುಗನ ಕೈಯಲ್ಲಿ.

ಕ್ವಾರ್ಟರ್ ಆದ್ಮೇಲೆ ಬ್ಯಾಕು

ಬಾಸಿನ ಊರಿನ ತಂಡಕ್ಕೆ ಆ ವರ್ಷ ಹೊಸ ಕ್ವಾರ್ಟರ್‌ಬ್ಯಾಕ್ ಬಂದಿದ್ದ. ಚೆಂಡು ಇಸಕೊಂಡು ಯಾರಿಗೆ ಎಸೆಯಬೇಕು ಅಂತ ತೀರ್ಮಾನ ಮಾಡುವವನೇ ಕ್ವಾರ್ಟರ್‌ಬ್ಯಾಕ್. ಮೊದಲ ವರ್ಷದವನಾದ್ದರಿಂದ ರೂಕಿ. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಮೊದಲ ಮೀಟಿಂಗಿನಲ್ಲಿ ಬಾಸು ಅರ್ಧ ಗಂಟೆ "ಕ್ವಾರ್ಟರ್‌ಬ್ಯಾಕ್, ಕ್ವಾರ್ಟರ್‌ಬ್ಯಾಕ್" ಅಂದದ್ದನ್ನು ಹಾಗೇ ಹೆಂಡತಿಗೆ ಫೋನಿನಲ್ಲಿ ಹೇಳಿದೆ.

"ಅಂದ್ರೆ ಒಂದು ಕ್ವಾರ್ಟರ್ ಆದ್ಮೇಲೆ ಬ್ಯಾಕಾ? ಮೂರೇ ತಿಂಗಳಿಗೆ ವಾಪಸ್ ಕಳಿಸ್ತಾರೇನ್ರೀ?"

ಅವಳ ದನಿಯಲ್ಲಿದ್ದ ಖುಷಿ ಕೇಳಿ ಅಲ್ಲ ಅನ್ನೋದಕ್ಕೆ ನನಗೆ ಬಾಯಿ ಬರಲಿಲ್ಲ. "ಇರಬಹುದೇನೋ, ನೋಡೋಣ" ಅಂದೆ.

ಸಂಜೆಯೊಳಗೆ ಸುದ್ದಿ ಮಾವನವರಿಗೆ ಮುಟ್ಟಿತು. ಅವರ ಕಿವಿಗೆ ಬಿದ್ದದ್ದು ಕ್ವಾರ್ಟರ್ ಅನ್ನೋದು ಮಾತ್ರ. ಫೋನ್ ಮಾಡಿ ಗಂಭೀರವಾಗಿ ಕೇಳಿದರು: "ಅಳಿಯಂದಿರೇ, ದಿನಾ ತಗೋತೀರೋ, ಇಲ್ಲಾ ಶನಿವಾರ ಭಾನುವಾರ ಮಾತ್ರಾನೋ?"

ಪೋಲೆ

ಭಾನುವಾರದ ಪಂದ್ಯವನ್ನು ಬಾಸು ಅವತ್ತೇ ನೋಡುತ್ತಿರಲಿಲ್ಲ. ಸೋಮವಾರ ಊಟದ ಹೊತ್ತಿಗೆ ಮೀಟಿಂಗ್ ರೂಮಿನಲ್ಲಿ ರೆಕಾರ್ಡಿಂಗ್ ಹಾಕಿ, ನಮ್ಮನ್ನೆಲ್ಲ ಕೂರಿಸಿಕೊಂಡು ನೋಡುವರು. ಹುಡುಗನ ಕೈಗೆ ಚೆಂಡು ಬರುವುದು, ಅವನು ಹಿಂದಕ್ಕೆ ಹಿಂದಕ್ಕೆ ಹೋಗುವುದು, ಗೂಳಿಯಂಥ ನಾಲ್ಕು ಜನ ಅವನ ಮೇಲೆ ಬೀಳುವುದು. ಅವನು ಬಿದ್ದಾಗಲೆಲ್ಲ ರಿಸೆಪ್ಷನ್ನಿನ ಹುಡುಗಿ "ಪೋಲೆ, ಪೋಲೆ" ಅನ್ನುವಳು. ಅಲ್ಲಾ, ಪೆಟ್ಟು ತಿಂದವನನ್ನು ಪೋಲಿ ಅಂತಾಳಲ್ಲ ಅಂತ ನನಗೆ ರೇಗಿತು.

"ನೋಡಮ್ಮ, ಅವನು ಅಂಥವನಲ್ಲ, ಮರ್ಯಾದಸ್ಥ ಹುಡುಗ" ಅಂತ ಇಂಗ್ಲಿಷಿನಲ್ಲಿ ಹೇಳಿಯೇಬಿಟ್ಟೆ.

ಸ್ವಾಹಿಲಿಯಲ್ಲಿ ಪೋಲೆ ಅಂದರೆ 'ಅಯ್ಯೋ ಪಾಪ' ಅಂತ ಅವಳು ತಾಳ್ಮೆಯಿಂದ ವಿವರಿಸಿದಳು. ಆಮೇಲೆ ನನ್ನ ಮುಖ ನೋಡಿ ಅಂದಳು: "ಪೋಲೆ."

ಯಾಕೆ ಅಂತ ಕೇಳದ ಅಂಕಿ

ಪಂದ್ಯ ಮುಗಿದ ಮೇಲೆ ಹುಡುಗನ ಪ್ರಗತಿಗೆ ನಾವೆಲ್ಲ ಹತ್ತಕ್ಕೆ ಮಾರ್ಕ್ಸ್ ಕೊಡಬೇಕು. ಬಾಸು ಪಾಠ ಬೇರೆ ಮಾಡಿದ್ದರು. "ಸ್ಕೋರ್ ನೋಡಬೇಡಿ. ಮೊದಲನೆಯವನಿಗೆ ಎಸೆಯೋಕೆ ಆಗದಿದ್ದಾಗ ಎರಡನೆಯವನನ್ನ ಹುಡುಕ್ತಾನಾ? ಮೈಮೇಲೆ ಬರ್ತಿದ್ರೂ ನಿಂತ್ಕೋತಾನಾ? ಅವನ ಕಣ್ಣು ಎಲ್ಲಿದೆ ನೋಡಿ."

ಮೊದಲ ವಾರ ಪ್ರಾಮಾಣಿಕವಾಗಿ ಮೂರು ಕೊಟ್ಟೆ. "ಯಾಕೆ?" ಅಂದರು. ಉತ್ತರ ಹೇಳುವಷ್ಟರಲ್ಲಿ ಅಂಗಿ ಒದ್ದೆಯಾಯಿತು. ಎರಡನೇ ವಾರ ಒಂಬತ್ತು ಕೊಟ್ಟೆ. ಅದಕ್ಕೂ "ಯಾಕೆ?"

ಪಕ್ಕದಲ್ಲಿದ್ದವರು ಮಂಗಳೂರಿನ ಹಿರಿಯ ಸಹೋದ್ಯೋಗಿ, ನೈರೋಬಿಯ ಸೌತ್ ಸಿ ಬಡಾವಣೆಯಲ್ಲಿ ವರ್ಷಗಟ್ಟಲೆ ಸಂಸಾರ ಮಾಡಿದವರು. ನನ್ನ ಕಿವಿಯಲ್ಲಿ ಅಂದರು: "ನೀವು ಏಳು ಕೊಡಿ ಮಾರಾಯ್ರೆ. ಏಳು ಯಾಕೆ ಅಂತ ಲೋಕದಲ್ಲಿ ಯಾರೂ ಕೇಳುದಿಲ್ಲ."

ಅಭಿನಂದನೆ

ನನ್ನ ರಜೆ ಅರ್ಜಿ ಡ್ರಾಯರಿನಲ್ಲಿತ್ತು. ಮಂಗಳೂರಿನವರು ಸೋಮವಾರ ಬೆಳಗ್ಗೆಯೇ ಇಂಟರ್ನೆಟ್ಟಿನಲ್ಲಿ ಫಲಿತಾಂಶ ನೋಡಿ, "ಇವತ್ತು ಬೇಡ, ಸೋತಿದ್ದಾರೆ" ಅನ್ನುವರು. ವಾರವಾರವೂ ಬೇಡವೇ. ಅತ್ತ ಹೆಂಡತಿ "ಇವತ್ತು ಹಲ್ಲು ಕಾಣಿಸ್ತು ರೀ" ಅಂತ ಪರದೆಗೆ ಮಗುವಿನ ಬಾಯಿ ಹಿಡಿದರೆ, ನನಗೆ ಕಾಣುತ್ತಿದ್ದದ್ದು ಬರೀ ಜೊಲ್ಲು. ಮಗಳ ತಲೆಯ ವಾಸನೆ ಹೇಗಿತ್ತು ಅನ್ನೋದು ಒಂದು ದಿನ ನೆನಪೇ ಆಗಲಿಲ್ಲ. ಹೈರಿಡ್ಜ್ ಬಡಾವಣೆಯ ಅಂಗಡಿಯಲ್ಲಿ ಬೇಬಿ ಪೌಡರಿನ ಡಬ್ಬ ಮೂಸುತ್ತಾ ಎಷ್ಟು ಹೊತ್ತು ನಿಂತಿದ್ದೆನೋ, ಅಂಗಡಿಯಾಕೆಯೇ ಬಂದು, "ಅದನ್ನ ಮನೇಲಿ ಹಚ್ಚಿಕೊಂಡು ಮೂಸಬಹುದು" ಅಂದರು.

ಒಂದು ಸೋಮವಾರ ಮಂಗಳೂರಿನವರು "ಗೆದ್ದಿದ್ದಾರೆ!" ಅಂದದ್ದೇ ತಡ, ಅರ್ಜಿ ಹಿಡಿದು ಒಂದೇ ಉಸಿರಿಗೆ ಓಡಿದೆ. "ಕಂಗ್ರಾಚುಲೇಷನ್ಸ್ ಸರ್! ಕೊನೇ ನಿಮಿಷದಲ್ಲಿ ಗೆದ್ದುಬಿಟ್ರಲ್ಲ!"

ಗಂಟೆ ಇನ್ನೂ ಒಂಬತ್ತು. ಮಧ್ಯಾಹ್ನದ ತನಕ ಸುದ್ದಿ ಕಿವಿಗೆ ಬೀಳಬಾರದು ಅಂತ ಭಾನುವಾರದಿಂದ ಫೋನ್ ಮುಟ್ಟದೆ, ಪೇಪರ್ ತೆರೆಯದೆ ವ್ರತ ಹಿಡಿದು ಕೂತಿದ್ದ ಬಾಸು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಅರ್ಜಿ ಡ್ರಾಯರಿಗೆ ವಾಪಸ್ಸಾಯಿತು.

"ಗೆದ್ದದ್ದು ಹೇಳಿದ್ದು ನಾನು, ಹೌದು" ಅಂದರು ಮಂಗಳೂರಿನವರು. "ಓಡ್ಲಿಕ್ಕೆ ಹೇಳಿದ್ದು ಯಾರು ಮಾರಾಯ್ರೆ?"

ರಿವರ್ಸ್ ಗೇರು

ನವೆಂಬರಿನಲ್ಲಿ ಹುಡುಗ ತೀರಾ ಕೆಟ್ಟದಾಗಿ ಆಡಿದ. ಎಲ್ಲರೂ ಮೆಲ್ಲಗೆ ಜಾಗ ಖಾಲಿ ಮಾಡಿದರು. ನಾನೊಬ್ಬ ಸಿಕ್ಕಿಬಿದ್ದೆ. "ಬರೀ ಹಿಂದಕ್ಕೆ ಹೋಗ್ತಾನಲ್ಲ" ಅಂತ ಬಾಸು ಗೋಳಾಡಿದರು. ನಾನು ಹೆಂಡತಿ ಬೆಳಗ್ಗೆ ಕಳಿಸಿದ್ದ ವಿಡಿಯೋ ತೋರಿಸಿದೆ. ಮಗಳ ಮುಂದೆ ಬೊಂಬೆ ಇಟ್ಟಿದ್ದಾರೆ. ಅವಳು ಬೊಂಬೆಯನ್ನೇ ನೋಡುತ್ತಾ, ಅಂಬೆಗಾಲಿನಲ್ಲಿ ಹಿಂದಕ್ಕೆ ಹಿಂದಕ್ಕೆ ಜಾರಿ ಮಂಚದ ಕೆಳಗೆ ಮಾಯವಾಗುತ್ತಾಳೆ. ಅಲ್ಲಿಂದ ಅಳು ಕೇಳುತ್ತದೆ.

"ಕೈಗೆ ಶಕ್ತಿ ಬಂದಿದೆ ಸರ್, ಕಾಲಿಗೆ ಇನ್ನೂ ತಿಳೀತಿಲ್ಲ. ಮೊದಲು ಹಿಂದಕ್ಕೇ ಹೋಗೋದಂತೆ. ಆಮೇಲೆ ಮುಂದಕ್ಕೆ ಬರ್ತಾರೆ."

ಬಾಸು ಮೂರು ಸಲ ನೋಡಿದರು. "ಇವಳನ್ನ ಎತ್ಕೊಂಡು ಎಷ್ಟು ದಿನ ಆಯ್ತು?"

"ಎರಡು ತಿಂಗಳು ಹನ್ನೊಂದು ದಿನ ಸರ್."

ಅವರು ಫೋನು ನನ್ನ ಕೈಗೆ ಕೊಟ್ಟರು. "ಆ ಹುಡುಗ ಆಡೋ ಮೈದಾನ ಊರಲ್ಲಿ ನನ್ನ ಮನೆಯಿಂದ ಇಪ್ಪತ್ತು ನಿಮಿಷ" ಅಂದರು. "ನಾನು ಆಟ ನೋಡ್ತೀನಿ ಅಂತ ನೀವೆಲ್ಲ ಅಂದ್ಕೊಂಡಿದ್ದೀರಿ. ನಾನು ನೋಡೋದು ಅದರ ಹಿಂದೆ ಕಾಣೋ ಬೀದೀನ."

ಡಿಸೆಂಬರ್ ಕೊನೆಗೆ ರಜೆ ಮಂಜೂರಾಯಿತು. ಕಾರಣದ ಜಾಗದಲ್ಲಿ ಬಾಸು ತಾವೇ ಬರೆದರು: 'ರೂಕಿಯ ಪ್ರಗತಿ ಪರಿಶೀಲನೆ.'

ಪರಿಶೀಲನೆ

ಬಾಗಿಲಲ್ಲಿ ನನ್ನನ್ನು ಕಂಡದ್ದೇ ಮಗಳು ಮನೆ ಹಾರಿಹೋಗುವ ಹಾಗೆ ಕಿರುಚಿದಳು. ಹೆಂಡತಿ "ಅಪ್ಪ ಬಂದ್ರು ಕಂದಾ" ಅಂದರೆ, ಅವಳು ಬಿಕ್ಕುತ್ತಲೇ ಮೇಜಿನ ಮೇಲಿದ್ದ ಫೋನಿಗೆ ಕೈ ತೋರಿಸಿದಳು. ಅಪ್ಪ ಇರುವುದು ಅಲ್ಲಿ. ಇವನ್ಯಾರೋ ದಾಂಡಿಗ.

ಒಂದು ಗಂಟೆ ಎಲ್ಲ ಕಸರತ್ತೂ ಮಾಡಿದೆ. ಕೊನೆಗೆ ಅಡುಗೆಮನೆಗೆ ಹೋಗಿ, ನಿಂತಲ್ಲಿಂದಲೇ ಹೆಂಡತಿಗೆ ವಿಡಿಯೋ ಕಾಲ್ ಮಾಡಿದೆ. ಹೊರಗೆ ಅಳು ನಿಂತು ಕೇಕೆ ಶುರುವಾಯಿತು. ಮಾತಾಡುತ್ತಲೇ ಮೆಲ್ಲಗೆ ಹೊರಬಂದು ಅವಳ ಬೆನ್ನ ಹಿಂದೆ ಚಕ್ಕಳಮಕ್ಕಳ ಹಾಕಿ ಕೂತೆ. ಅವಳು ಕುರ್ಚಿ ಹಿಡಿದು ನಿಂತಿದ್ದಳು. ಎದುರಿಗೆ ಹೆಂಡತಿಯ ಕೈಯಲ್ಲಿ ಫೋನು. "ಬಾ ಪುಟ್ಟಿ" ಅಂದೆ. ಅವಳು ಕುರ್ಚಿ ಬಿಟ್ಟು, ಹುಟ್ಟಿದ ಮೇಲೆ ಮೊದಲ ಸಲ, ಒಂದು, ಎರಡು, ಮೂರು ಹೆಜ್ಜೆ ನಡೆದಳು. ಫೋನಿನ ಕಡೆಗೆ. ನಾನು ಅಷ್ಟು ದೂರದಿಂದ ಬಂದು ಅವಳ ಬೆನ್ನು ನೋಡುತ್ತಿದ್ದೆ.

"ಅಯ್ಯೋ, ನಡೆದ್ಲು!" ಅಂತ ಕೂಗಿದೆ. ಒಂದೇ ದನಿ ಎದುರಿನಿಂದಲೂ ಹಿಂದಿನಿಂದಲೂ ಬಂದದ್ದಕ್ಕೆ ಅವಳು ಬೆಚ್ಚಿ, ಕಣ್ಣು ಫೋನಿನ ಮೇಲಿಟ್ಟುಕೊಂಡೇ ಹಿಂದಕ್ಕೆ ಎರಡು ಹೆಜ್ಜೆ ಇಟ್ಟು, ದಬಕ್ಕನೆ ನನ್ನ ತೊಡೆ ಮೇಲೆ ಕೂತಳು. ಏಳಲಿಲ್ಲ. ನನ್ನ ಮಡಿಲಲ್ಲಿ ಕೂತು ಫೋನಿನಲ್ಲಿದ್ದ ನನ್ನನ್ನು ನೋಡಿ ನಕ್ಕಳು. ಅವಳ ತಲೆ ನನ್ನ ಮೂಗಿನ ಕೆಳಗೇ ಇತ್ತು.

ಬಾಸಿಗೆ ಮೆಸೇಜ್ ಹಾಕಿದೆ: "ಮುಂದಕ್ಕೆ ಮೂರು, ಹಿಂದಕ್ಕೆ ಎರಡು ಸರ್. ಹತ್ತಕ್ಕೆ ಹತ್ತು."

ಉತ್ತರ ಬಂತು: "ಮಗು ವಿಷಯ ಬಿಡು. ರೂಕಿ ಅಪ್ಪ ಹೇಗೆ ಆಡ್ತಿದ್ದಾನೆ?"

ಕಣ್ಣು ಮಂಜಾಗಿ ಅಕ್ಷರ ಕಾಣುತ್ತಿರಲಿಲ್ಲ. "ಏಳು" ಅಂತ ಒತ್ತಿದೆ.

ಯಾಕೆ ಅಂತ ಅವರು ಕೇಳಲಿಲ್ಲ.